ಸ್ವೇಲಿಂಕನ ಅಚ್ಚಾಗದ ಸಂಗೀತ

ಡಚ್ ಆರ್ಗನ್ ವಾದಕ ಯಾನ್ ಪೀಟರ್ಸ್‌ಜೋನ್ ಸ್ವೇಲಿಂಕ್ (1562–1621) ಇಂದು ಹೆಚ್ಚಾಗಿ ನೆನಪಾಗುವುದು ಆರ್ಗನ್, ಹಾರ್ಪ್ಸಿಕಾರ್ಡ್‌ಗಳಿಗೆ ಮಾಡಿದ ಸುಮಾರು 70 ರಚನೆಗಳಿಂದ. ಅವುಗಳಲ್ಲಿ ಒಂದೂ ಅವನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಅವನ ಕೈಬರಹದ ಪ್ರತಿಯೂ ಒಂದಿಲ್ಲ. ಅವನು ಅಚ್ಚಿಗೆ ಕೊಟ್ಟದ್ದು ಹಾಡುವ ಕೃತಿಗಳನ್ನು. ಪ್ರಾಟೆಸ್ಟಂಟರ ಕ್ಯಾಲ್ವಿನ್ ಪಂಥ ಆರ್ಗನ್ನನ್ನು ಹತ್ತಿಕ್ಕಿತು ಎಂಬ ಸರಳ ವಿವರಣೆ ಇದಕ್ಕೆ ಸಾಲದು.

ಸ್ವೇಲಿಂಕ್ ಹುಟ್ಟಿದ್ದು ಡೆವೆಂಟರ್‌ನಲ್ಲಿ. ತಂದೆ ಪೀಟರ್ ಸ್ವಿಬರ್ಟ್ಸ್‌ಜೋನ್ ಆಮ್ಸ್ಟರ್‌ಡ್ಯಾಮಿನ ಔದೆ ಕೆರ್ಕ್ ಚರ್ಚಿನ ಆರ್ಗನ್ ವಾದಕನಾಗಿದ್ದು 1573ರಲ್ಲಿ ತೀರಿಕೊಂಡ. ತಡವೆಂದರೂ 1580ರ ಹೊತ್ತಿಗೆ ಆ ಹುದ್ದೆ ಮಗನಿಗೆ ಬಂತು, ಸಾಯುವವರೆಗೂ ಅವನಲ್ಲೇ ಇತ್ತು. ಆಮೇಲೆ ಸ್ವೇಲಿಂಕನ ಮಗ ಡಿರ್ಕ್‌ಗೆ ಹೋಯಿತು. ಸ್ವೇಲಿಂಕ್ ಎಂಬುದು ತಾಯಿಯ ಕಡೆಯ ಹೆಸರು.

1578ರಲ್ಲಿ ನಗರದ ಆಡಳಿತ ಕ್ಯಾಲ್ವಿನ್ ಪಂಥದವರ ಕೈಗೆ ಬಂದಾಗ ಆರ್ಗನ್ ಆರಾಧನೆಯಿಂದ ಹೊರಬಿತ್ತು. ಆದರೆ ವಾದ್ಯ ಚರ್ಚಿನ ಸ್ವತ್ತಾಗಿರಲಿಲ್ಲ, ನಗರದ್ದಾಗಿತ್ತು. ವಾದಕನಿಗೆ ಸಂಬಳ ಕೊಡುತ್ತಿದ್ದುದೂ ನಗರವೇ: ಮೊದಲು ವರ್ಷಕ್ಕೆ 100 ಗಿಲ್ಡರ್, 1586ರಲ್ಲಿ ಅದರ ಎರಡರಷ್ಟು. 1590ರಲ್ಲಿ ಮದುವೆಯಾದಾಗ ಮತ್ತೆ ಏರಿಕೆ, ಬಾಡಿಗೆಯಿಲ್ಲದ ಮನೆ. 1604ರಲ್ಲಿ ನಗರಕ್ಕಾಗಿ ಹಾರ್ಪ್ಸಿಕಾರ್ಡ್ ಕೊಳ್ಳಲು ಅವನು ಆಂಟ್‌ವರ್ಪ್‌ಗೆ ಹೋಗಿಬಂದ. ಇದು ಹತ್ತಿಕ್ಕಲ್ಪಟ್ಟ ಕಲಾವಿದನ ಬದುಕಲ್ಲ. ಆರಾಧನೆಯ ವಿಧಿಗಳಿಗೆ ಹೊಂದಿಸಿ ನುಡಿಸುವ ಕಟ್ಟಳೆ ಕಳಚಿದ್ದರಿಂದ, ಕೂಟದ ಮುಂಚೆ ಮತ್ತು ಆಮೇಲೆ ಊರ ಜನ ಕೇಳಲೆಂದೇ ನುಡಿಸುವ ಅವಕಾಶ ಸಿಕ್ಕಿತು. ಫ್ಯಾಂಟಸಿಯ, ಟೊಕ್ಕಾಟ, ಪ್ರತಿಧ್ವನಿಯ ಆಟವಾಡುವ 'ಎಕೋ' ರಚನೆಗಳು ಇಂಥ ಕಡೆ ಬೆಳೆದದ್ದು ಸಹಜವೆಂದೇ ನನ್ನ ಎಣಿಕೆ.

'ಕ್ರೊಮ್ಯಾಟಿಕ್ ಫ್ಯಾಂಟಸಿಯ'ವನ್ನು ನೋಡಿ. ಅರ್ಧಸ್ವರ ಅರ್ಧಸ್ವರವಾಗಿ ಇಳಿಯುವ ಆರು ಸ್ವರಗಳು, ಅಷ್ಟೇ ಬಂಡವಾಳ. ಆ ಎಳೆ ಒಂದು ಧ್ವನಿಯಿಂದ ಇನ್ನೊಂದಕ್ಕೆ ದಾಟುತ್ತಾ, ಪ್ರತಿ ಸಲವೂ ಬೇರೆ ಪ್ರತಿಸ್ವರಗಳನ್ನು ಎದುರುಗೊಳ್ಳುತ್ತದೆ. ಬಳಿಕ ಕಾಲಪ್ರಮಾಣ ಹಿಗ್ಗಿ ಅದೇ ಎಳೆ ನಿಧಾನವಾಗಿ ಕೇಳಿಸುವಾಗ ಸುತ್ತ ಚುರುಕು ಸ್ವರಗಳು ಓಡುತ್ತವೆ. ಕೊನೆಕೊನೆಗೆ ಎಳೆಯೇ ಕುಗ್ಗಿ ವೇಗ ಹಿಡಿಯುತ್ತದೆ. ಇಷ್ಟು ಉದ್ದದ ರಚನೆಯನ್ನು ಒಂದೇ ಎಳೆಯ ಮೇಲೆ ನಿಲ್ಲಿಸುವ ಈ ಕ್ರಮ ಒಂದೇ ಎಳೆಯನ್ನು ಹಲವು ಧ್ವನಿಗಳು ಸರದಿಯಲ್ಲಿ ಎತ್ತಿಕೊಳ್ಳುವ ಮುಂದಿನ ಫ್ಯೂಗ್ ಪರಂಪರೆಗೆ ಬುನಾದಿಯಾಯಿತು. 'ಮೈನ್ ಯುಂಗೆಸ್ ಲೇಬೆನ್' ಎಂಬ ಜರ್ಮನ್ ಹಾಡಿನ ಮೇಲಿನ ಆರು ರೂಪಾಂತರಗಳು ಇದಕ್ಕಿಂತ ಹೆಚ್ಚು ಜನಪ್ರಿಯ. ಕಟ್ಟಡದ ಗಟ್ಟಿತನದಲ್ಲಿ ಫ್ಯಾಂಟಸಿಯಕ್ಕೆ ಸಮವಲ್ಲ.

ಹಾಗಾದರೆ ಅಚ್ಚಾಗದ ಈ ರಚನೆಗಳು ಉಳಿದದ್ದು ಹೇಗೆ? ಹೆಚ್ಚಿನ ಪಾಲು ಶಿಷ್ಯರ ವಲಯದ ಹಸ್ತಪ್ರತಿಗಳಿಂದ. ಹಾಲೆಯ ಸ್ಯಾಮ್ಯುಯೆಲ್ ಶೈಟ್, ಹ್ಯಾಂಬರ್ಗಿನ ಯಾಕೊಬ್ ಪ್ರೆಟೋರಿಯಸ್ ಮತ್ತು ಹೈನ್ರಿಖ್ ಶೈಡೆಮನ್, ಡಾನ್‌ಜಿಗ್‌ನ ಪೌಲ್ ಸೀಫರ್ಟ್ ಮೊದಲಾದವರು ಅವನ ಬಳಿ ಕಲಿತರು. 1740ರಲ್ಲಿ ಜರ್ಮನ್ ಸಂಗೀತ ಲೇಖಕ ಮಟ್ಟೆಸನ್ ಬರೆದಂತೆ ಅವನಿಗೆ 'ಹ್ಯಾಂಬರ್ಗಿನ ಆರ್ಗನ್ ವಾದಕರನ್ನು ತಯಾರಿಸುವವ' ಎಂಬ ಅಡ್ಡಹೆಸರಿತ್ತು. ಆ ಹಸ್ತಪ್ರತಿಗಳಲ್ಲಿ ಜರ್ಮನ್ ಲೂಥರನ್ ಪಂಥದ ಸ್ತುತಿಗೀತೆಗಳ ಮೇಲಿನ ರೂಪಾಂತರಗಳೂ ಇವೆ. ಕ್ಯಾಲ್ವಿನ್ ಪಂಥದ ಆಮ್ಸ್ಟರ್‌ಡ್ಯಾಮಿನಲ್ಲಿ ಅವು ಯಾರಿಗೆ ಬೇಕಿದ್ದವು? ಜರ್ಮನ್ ಶಿಷ್ಯರ ಪಾಠಕ್ಕೆ ಎಂದರೆ ಒಪ್ಪುವಂತಿದೆ.

ಅವನು ತಾನೇ ಅಚ್ಚು ಹಾಕಿಸಿದ ಮುಖ್ಯ ಕೃತಿ ಬೈಬಲ್ಲಿನ 150 ಕೀರ್ತನೆಗಳ ಬಹುಧ್ವನಿ ಸಂಯೋಜನೆ. 1604ರಿಂದ 1621ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂತು. ಸಾಹಿತ್ಯ ಫ್ರೆಂಚ್, ಊರ ಚರ್ಚಿನಲ್ಲಿ ಹಾಡುತ್ತಿದ್ದುದು ಡಚ್ ಕೀರ್ತನೆ. ಎಂದರೆ ಇದು ಅನುಕೂಲಸ್ಥ ವರ್ತಕರ ಮನೆಗಳ ಹಾಡುಕೂಟಗಳಿಗೆ ಒದಗುವ ಸಂಗೀತ. 1619ರ ಲ್ಯಾಟಿನ್ 'ಕಾಂಟಿಯೋನೆಸ್ ಸಾಕ್ರೆ'ಯನ್ನು ಅರ್ಪಿಸಿದ್ದು ಕ್ಯಾಥೊಲಿಕ್ ಶಿಷ್ಯ ಕಾರ್ನೆಲಿಸ್ ಪ್ಲೆಂಪ್‌ಗೆ. ಇಂಥವನನ್ನು ಒಂದು ಪಂಥದ ಚೌಕಟ್ಟಿನಲ್ಲಿ ಕೂರಿಸುವ ಆತುರ ಬೇಡ.

ಅವನು ತೀರಿಕೊಂಡದ್ದು 1621ರ ಅಕ್ಟೋಬರ್ 16ರಂದು. ಆಂಟ್‌ವರ್ಪ್‌ನಲ್ಲಿದ್ದ ಇಂಗ್ಲಿಷ್ ಆರ್ಗನ್ ವಾದಕ ಜಾನ್ ಬುಲ್ ಸ್ವೇಲಿಂಕನ ಎಳೆಯೊಂದರ ಮೇಲೆ ಬರೆದ ಫ್ಯಾಂಟಸಿಯದ ತಾರೀಖು ಅದೇ ವರ್ಷದ ಡಿಸೆಂಬರ್ 15.