ಗಣಕಾಪರಾಧವೂ ಕರ್ಣಾಟಕದ ಶಾಸನಗಳೂ

ಕಳವಾದ ವಸ್ತುವು ಒಡೆಯನ ಮನೆಯಲ್ಲಿ ಇರುವುದಿಲ್ಲ, ಇದು ಲೋಕಾನುಭವ. ನಮ್ಮ ಧರ್ಮಶಾಸ್ತ್ರಕಾರರು ಕಣ್ಣೆದುರಿಗೆ ಬಲಾತ್ಕಾರದಿಂದ ಒಯ್ಯುವುದನ್ನು ಸಾಹಸವೆಂದೂ, ಮರೆಯಲ್ಲಿ ಒಯ್ಯುವುದನ್ನು ಸ್ತೇಯವೆಂದೂ ವಿಭಾಗಮಾಡಿದಾಗ ಈ ಅನುಭವವೇ ಅವರಿಗೆ ಆಧಾರವಾಗಿದ್ದಿತು. ೧೮೬೦ನೆಯ ಇಸವಿಯ ಇಂಡಿಯನ್ ಪೀನಲ್ ಕೋಡಿನ ಕರ್ತರೂ ಇದನ್ನೇ ಅನುಸರಿಸಿದರು. ಅವರ ಮತದಲ್ಲಿ ಕಳವೆಂದರೆ ಮೂರ್ತವಾದ ಚರಸ್ವತ್ತನ್ನು ಒಡೆಯನ ಸ್ವಾಧೀನದಿಂದ ತಪ್ಪಿಸುವುದಕ್ಕಾಗಿ ಅದನ್ನು ಕದಲಿಸುವುದು. ಆದರೆ ಗಣಕಯಂತ್ರದ ಕಳ್ಳನು ಒಂದು ಲೆಕ್ಕದ ಪಟ್ಟಿಯನ್ನು ಪ್ರತಿಮಾಡಿಕೊಂಡು ಹೋದರೆ ಮೂಲವು ಅಕ್ಷರವೂ ಲೋಪವಾಗದೆ ಇದ್ದಲ್ಲಿಯೇ ಇರುತ್ತದೆ. ಕದಲಿದ್ದು ಯಾವುದು? ಸ್ವಾಧೀನ ತಪ್ಪಿದ್ದು ಯಾರಿಗೆ? ಈ ಪ್ರಶ್ನೆಗೆ ಹಳೆಯ ಸಂಹಿತೆಯಲ್ಲಿ ನೇರವಾದ ಉತ್ತರವಿರಲಿಲ್ಲ. ಈ ಕೊರತೆಯನ್ನು ತುಂಬಲು ನಮ್ಮ ರಾಜ್ಯದಲ್ಲಿ ಯಾವ ಯಾವ ಶಾಸನಗಳು ಬಂದುವು, ಅವು ಎಷ್ಟರಮಟ್ಟಿಗೆ ಫಲಿಸಿದುವು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಪರಾಧದ ಸಾಧನವು ಹೊಸದಾದರೂ ಅದರ ಜಾತಿಯು ತೀರ ಹೊಸದಲ್ಲ. ತಕ್ಕಡಿ, ರಾಜಶಾಸನ, ಅಳತೆ, ನಾಣ್ಯ ಇವುಗಳಲ್ಲಿ ಕೂಟಮಾಡುವವನಿಗೂ, ಕೂಟವೆಂದು ತಿಳಿದೂ ಅವುಗಳಿಂದ ವ್ಯವಹರಿಸುವವನಿಗೂ ಯಾಜ್ಞವಲ್ಕ್ಯಸ್ಮೃತಿಯು ಉತ್ತಮಸಾಹಸವೆಂಬ ಅತ್ಯಧಿಕ ದಂಡವನ್ನು ವಿಧಿಸುತ್ತದೆ. ರಾಜಶಾಸನದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿಯಾಗಲಿ ಕಡಮೆಯಾಗಿಯಾಗಲಿ ಬರೆಯುವ ಲೇಖಕನಿಗೂ ಅದೇ ದಂಡ. ಈ ಸ್ಮೃತಿಗೆ ಮಿತಾಕ್ಷರಾವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳಲ್ಲಿ ಲಿಖಿತವು ಸಂದೇಹಾಸ್ಪದವಾದರೆ ಅದೇ ಮನುಷ್ಯನ ಬೇರೆ ಕೈಬರಹದೊಡನೆ ಹೋಲಿಸಿ ಪರೀಕ್ಷಿಸಬೇಕೆಂಬ ವಿಧಿಯು ಅಲ್ಲಿದೆ. ಇಂದು ಗಣಕದಲ್ಲಿರುವ ದಾಖಲೆಯನ್ನು ನ್ಯಾಯಸ್ಥಾನದಲ್ಲಿ ಹಾಜರುಪಡಿಸುವವರು ಅದು ಬದಲಾಗಿಲ್ಲವೆಂಬುದಕ್ಕೆ ಪ್ರಮಾಣಪತ್ರವನ್ನು ಲಗತ್ತಿಸಬೇಕೆಂಬ ನಿಯಮವನ್ನು ನೋಡಿದಾಗ ನನಗೆ ಆ ಲೇಖ್ಯಪ್ರಕರಣವೇ ನೆನಪಿಗೆ ಬರುತ್ತದೆ.

ಅಮೆರಿಕದ ಸಂಸ್ಥಾನಗಳಲ್ಲಿ ಮೊದಲು ಎಚ್ಚೆತ್ತುದು ಫ್ಲಾರಿಡಾ. ಅಲ್ಲಿಯ ಒಂದು ನಾಯಿಪಂದ್ಯದ ಅಂಗಳದಲ್ಲಿ ಗಣಕದಿಂದ ಸುಳ್ಳು ಗೆಲುವಿನ ಚೀಟಿಗಳನ್ನು ಮುದ್ರಿಸಿ ಹಣವನ್ನು ಲಪಟಾಯಿಸಿದ್ದರಿಂದ ೧೯೭೮ರಲ್ಲಿ ಆ ಸಂಸ್ಥಾನವು ಪ್ರತ್ಯೇಕ ಕಾನೂನನ್ನು ಮಾಡಿತು. ಪ್ರಾಣಿಗಳ ಮೇಲೆ ಪಣವೊಡ್ಡುವ ಆಟಕ್ಕೆ ನಮ್ಮವರು ಸಮಾಹ್ವಯವೆಂದು ಹೆಸರಿಟ್ಟಿದ್ದರು. ಗಣಕಾಪರಾಧದ ಶಾಸನವು ಸಮಾಹ್ವಯದ ಅಂಗಳದಲ್ಲಿ ಹುಟ್ಟಿತೆಂಬುದು ವಿನೋದವಾಗಿಯೇ ಇದೆ. ಅಮೆರಿಕದ ಇತರ ಸಂಸ್ಥಾನಗಳೂ ಒಂದೊಂದಾಗಿ ಈ ದಾರಿಯನ್ನೇ ಹಿಡಿದುವು. ಇಂಗ್ಲೆಂಡಿನವರು ೧೯೯೦ರಲ್ಲಿ ತಮ್ಮ ಕಾನೂನನ್ನು ಮಾಡಿಕೊಂಡರು.

ನಮ್ಮಲ್ಲಿ ಕ್ರಮವು ಬೇರೆಯಾಯಿತು. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ತಂತಿ, ದೂರವಾಣಿ ಮೊದಲಾದ ಸಂಪರ್ಕಸಾಧನಗಳು ಕೇಂದ್ರದ ವಿಷಯ. ಪೋಲೀಸು, ಸಾರ್ವಜನಿಕ ಶಾಂತಿ, ಜೂಜು ಇವು ರಾಜ್ಯದವು. ದಂಡವಿಧಿಯು ಉಭಯರಿಗೂ ಸಮಾನ. ಆದಕಾರಣ ಅಪರಾಧದ ಲಕ್ಷಣವನ್ನು ಹೇಳುವ ಕೆಲಸವು ಡೆಲ್ಲಿಗೂ, ಅಪರಾಧಿಯನ್ನು ಹಿಡಿಯುವ ಕೆಲಸವು ಬೆಂಗಳೂರಿಗೂ ಸೇರಿತು. ಪಾರ್ಲಿಮೆಂಟಿನ ಮಾಹಿತಿ ತಂತ್ರಜ್ಞಾನ ಅಧಿನಿಯಮವು ೨೦೦೦ನೆಯ ಇಸವಿಯ ಅಕ್ಟೋಬರ್ ೧೭ರಂದು ಜಾರಿಗೆ ಬಂದಿತು. ಗಣಕದ ಮೂಲಲೇಖವನ್ನು ತಿದ್ದಿದವನಿಗೆ ೬೫ನೆಯ ಪ್ರಕರಣದಂತೆಯೂ, ಗಣಕದೊಳಗಿನ ಮಾಹಿತಿಯನ್ನು ಅಳಿಸಿ ಕೆಡಿಸಿದವನಿಗೆ ೬೬ನೆಯ ಪ್ರಕರಣದಂತೆಯೂ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಎರಡು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ಅದು ಆಗ ವಿಧಿಸಿದ್ದಿತು. ರಾಜಶಾಸನವನ್ನು ಹೆಚ್ಚುಕಡಮೆ ಮಾಡಿ ಬರೆದ ಲೇಖಕನು ಇಲ್ಲಿ ಹೊಸ ವೇಷದಲ್ಲಿ ಕಾಣಿಸಿಕೊಂಡಿದ್ದಾನೆ.

ಕರ್ಣಾಟಕವು ಈ ಕಾನೂನಿಗಾಗಿ ಕಾದು ಕುಳಿತಿರಲಿಲ್ಲವೆಂಬುದನ್ನು ಹೇಳಲೇಬೇಕು. ೧೯೯೯ರಲ್ಲಿಯೇ ಪತ್ತೇದಾರಿ ದಳದ ಕೇಂದ್ರಕಚೇರಿಯಲ್ಲಿ ಇದಕ್ಕಾಗಿ ಒಂದು ಘಟಕವಿದ್ದಿತು. ೨೦೦೧ರಲ್ಲಿ ಅದನ್ನೇ ಸರಕಾರದವರು ಸೈಬರ್ ಅಪರಾಧ ಪೋಲೀಸ್ ಠಾಣೆಯೆಂದು ಘೋಷಿಸಿ, ರಾಜ್ಯವನ್ನೆಲ್ಲ ಅದರ ಎಲ್ಲೆಯನ್ನಾಗಿ ಮಾಡಿದರು. ಭಾರತದಲ್ಲಿ ಈ ಬಗೆಯ ಠಾಣೆಗಳಲ್ಲಿ ಇದೇ ಮೊದಲನೆಯದು. ಹೆಮ್ಮೆಪಡತಕ್ಕ ಸಂಗತಿಯೇ ಸರಿ; ಆದರೆ ಬೀದರಿನವನಾಗಲಿ ಕೊಡಗಿನವನಾಗಲಿ ಮೋಸಹೋದರೆ ಬೆಂಗಳೂರಿನ ಒಂದೇ ಬಾಗಿಲನ್ನು ತಟ್ಟಬೇಕಾದ ಕಷ್ಟವೂ ಅದರೊಡನೆಯೇ ಬಂದಿತು. ಇಂತಹ ಅಪರಾಧಗಳನ್ನು ಡೆಪ್ಯುಟಿ ಸೂಪರಿಂಟೆಂಡೆಂಟರಿಗೆ ಕೆಳಗಿನವರು ತನಿಖೆಮಾಡಕೂಡದೆಂದು ಕಾನೂನಿನಲ್ಲಿಯೇ ಹೇಳಿದ್ದಿತು. ೨೦೦೮ರಲ್ಲಿ ಅಂಗೀಕೃತವಾಗಿ ೨೦೦೯ರ ಅಕ್ಟೋಬರ್ ೨೭ರಂದು ಜಾರಿಗೆ ಬಂದ ತಿದ್ದುಪಡಿಯು ಈ ಅಧಿಕಾರವನ್ನು ಇನ್‌ಸ್ಪೆಕ್ಟರರಿಗೆ ಇಳಿಸಿತು. ಆ ಬಳಿಕ ಜಿಲ್ಲೆಜಿಲ್ಲೆಗೂ ಸೈಬರ್, ಆರ್ಥಿಕ ಹಾಗೂ ಮಾದಕವಸ್ತು ಅಪರಾಧಗಳ ಠಾಣೆಗಳಾದುವು. ನಮ್ಮ ಬೆಂಗಳೂರು ಗ್ರಾಮಾಂತರಕ್ಕೂ ಒಂದು ದೊರೆಯಿತು.

ರಾಜ್ಯವೇ ಮಾಡಿದ ನಿಯಮಗಳಲ್ಲಿ ೨೦೦೪ರ ಸೈಬರ್ ಕೆಫೆಯ ನಿಯಮಗಳನ್ನು ಹೆಸರಿಸಿ ಮುಂದೆ ಹೋಗಬಹುದು. ಬಂದವರ ಗುರುತನ್ನು ಅಂಗಡಿಯವರು ದಾಖಲೆಮಾಡಿಕೊಳ್ಳಬೇಕೆಂಬುದು ಅವುಗಳ ಸಾರ. ಜನರ ಕೈಕೈಗೂ ಫೋನು ಬಂದಮೇಲೆ ಆ ಅಂಗಡಿಗಳೇ ಬಹುಮಟ್ಟಿಗೆ ಮಾಯವಾದುವು.

ನಿಂತು ವಿಚಾರಮಾಡತಕ್ಕದ್ದು ೨೦೧೪ರ ತಿದ್ದುಪಡಿ. ಕಳ್ಳಬಟ್ಟಿಯವರು, ಜೂಜುಕೋರರು, ಗೂಂಡಾಗಳು ಮೊದಲಾದವರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ೧೯೮೫ರಲ್ಲಿ ರಾಜ್ಯವು ಮಾಡಿದ್ದ ಕಾನೂನನ್ನು ಜನರು ಗೂಂಡಾ ಕಾಯಿದೆಯೆಂದೇ ಕರೆಯುತ್ತಾರೆ. ಅದರೊಳಕ್ಕೆ ಡಿಜಿಟಲ್ ಅಪರಾಧಿಯೆಂಬ ಹೊಸ ವರ್ಗವನ್ನು ೨೦೧೪ರಲ್ಲಿ ಸೇರಿಸಿದರು. ವ್ಯಾಪಾರಕ್ಕಾಗಿ ಪುಸ್ತಕ, ಸಂಗೀತ, ಚಲನಚಿತ್ರ, ತಂತ್ರಾಂಶಗಳ ಕೃತಿಸ್ವಾಮ್ಯವನ್ನು ಬೇಕೆಂದೇ ಭಂಗಪಡಿಸುವವನು, ಮತ್ತೊಬ್ಬನ ಗುರುತಿನಿಂದ ಗಣಕಜಾಲವನ್ನು ಹೊಕ್ಕು ಹಣ ಸಂಪಾದಿಸುವವನು, ಮಾಹಿತಿ ತಂತ್ರಜ್ಞಾನ ಅಧಿನಿಯಮದ ೬೭ರಿಂದ ೭೫ರವರೆಗಿನ ಪ್ರಕರಣಗಳ ಅಪರಾಧಗಳನ್ನು ಮಾಡುವವನು, ಇವರೆಲ್ಲರೂ ಆ ವರ್ಗಕ್ಕೆ ಸೇರಿದರು. ಇಂತಹವನನ್ನು ಒಂದು ವರ್ಷದವರೆಗೆ ತಡೆಹಿಡಿಯಬಹುದು. ಸಲಹಾಮಂಡಲಿಯ ಪರಿಶೀಲನೆಯುಂಟಾದರೂ ಅದು ನ್ಯಾಯಸ್ಥಾನದ ವಿಚಾರಣೆಯಲ್ಲ.

ಲಕ್ಷಣವಾಕ್ಯದಲ್ಲಿ ಅತಿವ್ಯಾಪ್ತಿ, ಅವ್ಯಾಪ್ತಿ ಎಂಬ ದೋಷಗಳಿರಬಾರದೆಂದು ತರ್ಕದ ಮೊದಲ ಪಾಠದಲ್ಲಿಯೇ ಹೇಳಿಕೊಡುತ್ತಾರೆ. ಇಲ್ಲಿ ಎರಡೂ ಇವೆಯೆಂದು ನನ್ನ ಅಭಿಪ್ರಾಯ. ಕೃತಿಸ್ವಾಮ್ಯದ ಭಂಗವು ತಪ್ಪೇ ಆದರೂ, ಮಾರಲು ನಕಲುಮಾಡಿದವನನ್ನು ಗೂಂಡಾನ ಪಂಕ್ತಿಯಲ್ಲಿ ಕುಳ್ಳಿರಿಸಿ ವಿಚಾರಣೆಯಿಲ್ಲದೆ ವರ್ಷವಿಡೀ ಬಂಧಿಸುವುದು ಅತಿವ್ಯಾಪ್ತಿ. ಮತ್ತೊಂದು ಕಡೆ, ಪ್ರಕರಣಗಳ ಎಣಿಕೆಯನ್ನು ೬೭ರಿಂದ ಆರಂಭಿಸಿದ್ದರಿಂದ ಗಣಕಾಪರಾಧದ ಹೃದಯವೇ ಆದ ೬೫, ೬೬ನೆಯ ಪ್ರಕರಣಗಳು ಹೊರಗೆ ಉಳಿದುವು. ಹಣಕ್ಕಾಗಿಯಲ್ಲದೆ ಹಗೆಯಿಂದ ಆಸ್ಪತ್ರೆಯ ಗಣಕವನ್ನು ಹಾಳುಮಾಡಿದವನು ಈ ಲಕ್ಷಣಕ್ಕೆ ಸಿಕ್ಕುವುದು ಕಷ್ಟ. ತಮಿಳುನಾಡಿನವರೂ ಅದೇ ವರ್ಷ ತಮ್ಮ ಗೂಂಡಾ ಕಾನೂನಿಗೆ ಇಂತಹುದೇ ವರ್ಗವನ್ನು ಸೇರಿಸಿದರು. ಅಪರಾಧವನ್ನು ರುಜುವಾತುಮಾಡುವುದು ಕಷ್ಟವಾದಾಗ ಅಪರಾಧಿಯನ್ನು ಸುಮ್ಮನೆ ಕೂಡಿಹಾಕುವ ಈ ಮಾರ್ಗವು ಸರಕಾರಗಳಿಗೆ ಸುಲಭವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅತ್ತ ಕೇಂದ್ರದ ಕಾನೂನಿನಲ್ಲಿಯೂ ಈ ದೋಷವು ಇರದೆ ಹೋಗಲಿಲ್ಲ. ಬೇಸರವುಂಟುಮಾಡುವ ಸಂದೇಶಗಳಿಗೂ ಸೆರೆವಾಸವನ್ನು ವಿಧಿಸುತ್ತಿದ್ದ ೬೬-ಎ ಪ್ರಕರಣವನ್ನು ಸುಪ್ರೀಂ ಕೋರ್ಟು ೨೦೧೫ರ ಮಾರ್ಚ್ ೨೪ರಂದು ರದ್ದುಮಾಡಿತು.

ಜೂಜಿನ ಕಥೆಯು ಇನ್ನೂ ಸ್ವಾರಸ್ಯವಾಗಿದೆ. ಮನುವು ದ್ಯೂತವನ್ನು ರಾಜ್ಯದಿಂದಲೇ ತೊಲಗಿಸಬೇಕೆಂದರೆ, ಯಾಜ್ಞವಲ್ಕ್ಯನು ಒಬ್ಬ ಅಧ್ಯಕ್ಷನ ಕೆಳಗೆ ಒಂದೇ ಸ್ಥಳದಲ್ಲಿ ನಡೆಯಲಿ, ಕಳ್ಳರನ್ನು ಗುರುತಿಸಲು ಅನುಕೂಲವಾಗುತ್ತದೆ ಎಂದನು. ಕರ್ಣಾಟಕವು ಮನುವಿನ ಪಕ್ಷವನ್ನು ಹಿಡಿದು, ೧೯೬೩ರ ಪೋಲೀಸ್ ಕಾಯಿದೆಯನ್ನು ೨೦೨೧ರಲ್ಲಿ ತಿದ್ದಿ, ಗಣಕಜಾಲದಲ್ಲಿ ಪಣವೊಡ್ಡಿ ಆಡುವ ಆಟಗಳನ್ನು, ಜಾಣ್ಮೆಯ ಆಟಗಳನ್ನೂ ಬಿಡದೆ, ನಿಷೇಧಿಸಿತು. ೨೦೨೨ರ ಫೆಬ್ರವರಿ ೧೪ರಂದು ನಮ್ಮ ಉಚ್ಚ ನ್ಯಾಯಾಲಯವು ಜಾಣ್ಮೆಯ ಆಟವು ಜೂಜಲ್ಲವೆಂದು ನಿರ್ಣಯಿಸಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಸಿಂಧುವೆಂದು ಸಾರಿತು. ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ತಾನೇ ಮುಂದಾಗಿ ಜಾಣ್ಮೆ, ಅದೃಷ್ಟ ಎಂಬ ಭೇದವನ್ನೆಣಿಸದೆ ಹಣದ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು; ಅದನ್ನು ಪ್ರಶ್ನಿಸಿ ಅರ್ಜಿಗಳೂ ಹೋದುವು.

ಶಿವಗಂಗೆಯ ತಪ್ಪಲಿನಲ್ಲಿರುವ ನಮ್ಮ ದಾಬಸ್‌ಪೇಟೆಯವರಿಗೆ ಇದೆಲ್ಲ ದೂರದ ಮಾತೆಂದು ತೋರಬಹುದು. ಹಾಗಲ್ಲ. ಸೋಂಪುರದ ಕೈಗಾರಿಕಾ ಪ್ರದೇಶಕ್ಕೆ ಜಮೀನು ಕೊಟ್ಟ ರೈತರ ಪರಿಹಾರದ ಹಣವು ಇರುವುದು ಬ್ಯಾಂಕಿನಲ್ಲಿ. ಅವರಲ್ಲಿ ಅನೇಕರು ಹೆಬ್ಬೆಟ್ಟಿನವರು. ಕ್ರಯಪತ್ರಕ್ಕೆ ಒತ್ತಿದ ಹೆಬ್ಬೆಟ್ಟು ಸಬ್‌ರಿಜಿಸ್ಟ್ರಾರರ ಕಚೇರಿಯ ಮೂಲಕ ಗಣಕವನ್ನು ಸೇರುತ್ತದೆ. ೨೦೨೩ರಲ್ಲಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿದ್ದ ಪತ್ರಗಳಿಂದ ಹೆಬ್ಬೆಟ್ಟಿನ ಗುರುತುಗಳನ್ನೂ ಆಧಾರ್ ಸಂಖ್ಯೆಗಳನ್ನೂ ಎತ್ತಿಕೊಂಡು, ಆ ಬೆರಳಚ್ಚಿನಿಂದಲೇ ಖಾತೆಗಳ ಹಣವನ್ನು ತೆಗೆದ ಪ್ರಕರಣಗಳು ಬಯಲಾದುವು. ಸಹಿಯನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾದೀತೆ? ಇದಕ್ಕೂ ಮೊದಲು ೨೦೧೯ರಲ್ಲಿ ಸರಕಾರದ ಟೆಂಡರುಗಳ ಜಾಲತಾಣದಿಂದಲೇ ಹನ್ನೊಂದು ಕೋಟಿ ರೂಪಾಯಿಗಳಿಗೂ ಮೀರಿದ ಠೇವಣಿಯ ಹಣವು ಕಳವಾಗಿದ್ದಿತು.

ಇನ್ನೊಬ್ಬನ ಗುರುತನ್ನು ಕದ್ದವನಿಗೆ ೬೬-ಸಿ ಪ್ರಕರಣದಂತೆ ಮೂರು ವರ್ಷಗಳವರೆಗೆ ಸೆರೆವಾಸವುಂಟು. ಮಾರುವೇಷದಿಂದ ವಂಚಿಸಿದವನಿಗೆ ೬೬-ಡಿ ಪ್ರಕರಣದಂತೆಯೂ ಅಷ್ಟೇ. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಚರಸ್ವತ್ತಿನ ಲಕ್ಷಣದಲ್ಲಿದ್ದ ಮೂರ್ತವೆಂಬ ಪದವನ್ನು ತೆಗೆದುಹಾಕಿದೆ. ಆದರೂ ಮೂಲವು ಉಳಿದೇ ಇರುವ ಪ್ರತಿಯ ಕಳವಿನಲ್ಲಿ ಕದಲಿದ್ದು ಯಾವುದೆಂಬ ಪ್ರಶ್ನೆಯು ತೀರಿತೆಂದು ಹೇಳಲಾರೆ. ೨೦೨೫ರಲ್ಲಿ ರಾಜ್ಯಸರಕಾರವು ಈ ಠಾಣೆಗಳಿಗೆಲ್ಲ ಮೇಲಾಗಿ ಸೈಬರ್ ಕಮಾಂಡ್ ಎಂಬ ಅಂಗವನ್ನು ರಚಿಸಿತು.

ದಂಡವು ಅಪರಾಧಿಗೆ, ಹಣ ಕಳೆದುಕೊಂಡವನಿಗೆ ಬೇಕಾದುದು ಹಣ. ಅದಕ್ಕಾಗಿ ಅಧಿನಿಯಮದಲ್ಲಿಯೇ ಒಂದು ದಾರಿಯಿದೆ, ಬಲ್ಲವರು ಕಡಮೆ. ಪ್ರತಿಯೊಂದು ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗಳೇ ನಿರ್ಣಯಾಧಿಕಾರಿಗಳು. ಐದು ಕೋಟಿ ರೂಪಾಯಿಗಳವರೆಗಿನ ನಷ್ಟಪರಿಹಾರದ ಅರ್ಜಿಗಳನ್ನು ಅವರು ವಿಚಾರಿಸಬಹುದು. ಪೋಲೀಸರಿಗೆ ದೂರು ಕೊಡುವುದು ಬೇರೆ, ಈ ಅರ್ಜಿ ಬೇರೆ. ಒಂದನ್ನು ಮಾಡಿದವರಿಗೆ ಇನ್ನೊಂದು ನಿಷಿದ್ಧವಲ್ಲ. ಹಣ ಹೋದ ಕೂಡಲೆ ೧೯೩೦ ಎಂಬ ಸಂಖ್ಯೆಗೆ ಫೋನುಮಾಡಿದರೆ ಅದು ಮುಂದಿನ ಖಾತೆಯಿಂದ ಮತ್ತೊಂದಕ್ಕೆ ಜಾರುವುದರೊಳಗಾಗಿ ತಡೆಯುವ ಅವಕಾಶವಿರುತ್ತದೆ. ಆಧಾರಿನ ಬೆರಳಚ್ಚಿಗೆ ಬೀಗಹಾಕಿಸುವ ಅನುಕೂಲವೂ ಉಂಟು. ಬಲ್ಲ ಹುಡುಗರು ಮನೆಯ ಹಿರಿಯರಿಗೆ ಅದನ್ನು ಮಾಡಿಕೊಡಬಹುದು.