ಸಾವಿನ ಮನೆಯ ಭಜನೆ

ಊರಲ್ಲಿ ಯಾರಾದರೂ ತೀರಿಕೊಂಡಾಗ, ಮಣ್ಣು ಮಾಡುವವರೆಗೆ ಶವದ ಮುಂದೆ ಕುಳಿತು ತತ್ವಪದ, ವಚನ, ದಾಸರ ಪದಗಳನ್ನು ಹಾಡುವ ರೂಢಿ. ಉತ್ತರ ಕರ್ನಾಟಕದ ಧಾರವಾಡ, ಹಾವೇರಿ, ಗದಗ, ಬೆಳಗಾವಿ, ವಿಜಯಪುರ, ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಇದು ಬಳಕೆಯಲ್ಲಿದೆ. ಶವವನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ವಿಮಾನವೆಂಬ ಚಟ್ಟದಲ್ಲಿ ಒಯ್ಯುವ ಲಿಂಗಾಯತರಲ್ಲಿ ಎದ್ದು ಕಂಡರೂ ಒಂದು ಜಾತಿಗೆ ಸೀಮಿತವಾದ ಪದ್ಧತಿ ಇದಲ್ಲ.

ಸಾವು ಸಂಜೆಗೆ ಸಂಭವಿಸಿದರೆ ದೂರದ ಬೀಗರು, ಕೊಟ್ಟ ಹೆಣ್ಣುಮಕ್ಕಳು ಬಂದು ಮುಟ್ಟುವವರೆಗೆ ಕಾಯಬೇಕು. ಆ ರಾತ್ರಿಯನ್ನು ಕಳೆಯುವುದು ಮನೆಯವರಿಗೆ ಬಲು ಕಷ್ಟ. ಒಲೆ ಹಚ್ಚುವಂತಿಲ್ಲ, ಮಲಗುವಂತಿಲ್ಲ. ಊರಿನ ಭಜನಾ ಮಂಡಳಿ ಬರುವುದು ಆ ಹೊತ್ತಿಗೆ. ಪೇಟಿ, ತಬಲಾ, ತಾಳ, ದಮ್ಮಡಿ, ಇದ್ದರೆ ಒಂದು ಏಕತಾರಿ ಜೊತೆಗಿರುತ್ತವೆ. ಒಬ್ಬರು ನುಡಿ ಎತ್ತಿಕೊಡುತ್ತಾರೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ರಾಗದ ಶುದ್ಧಿಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಜಾನಪದ ಧಾಟಿಯ ಬೆನ್ನಿಗೇ ನಾಟಕದ ಮಟ್ಟು, ಅದರ ಹಿಂದೆ ಹಳೆಯ ಸಿನಿಮಾ ಹಾಡಿನ ಮಟ್ಟು ಬಂದರೂ ನಡೆಯುತ್ತದೆ. ಹಾಡುವವರಿಗೆ ಸಂಬಳವಿಲ್ಲ. ನೆರೆಮನೆಯಿಂದ ಚಹಾ ಬರುತ್ತದೆ, ಎಲೆ ಅಡಿಕೆ ಇರುತ್ತದೆ.

ಈ ಹಾಡುಗಳ ವಿಶೇಷವೆಂದರೆ ಅವು ಸತ್ತವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊಗಳಿಕೆಯಿಲ್ಲ, ಹೆಸರಿಲ್ಲ, ಅಳುವೂ ಇಲ್ಲ. ದೇಹವೆಂದರೆ ಒಂಬತ್ತು ಬಾಗಿಲಿನ ಮನೆ, ಮಾಳಿಗೆ ಸೋರುವ ಮನೆ, ಹಕ್ಕಿ ಹಾರಿಹೋದ ಪಂಜರ ಎಂಬ ಮಾತೇ ಬಗೆಬಗೆಯಾಗಿ ಬರುತ್ತದೆ. ನಡುನಡುವೆ ನಗೆ ಬರಿಸುವ ಒಗಟಿನಂಥ ಪದಗಳೂ ಇರುತ್ತವೆ. ಹೆಣದ ಮುಂದೆ ಇವನ್ನು ಹಾಡಲು ಯಾರೂ ಅಂಜುವುದಿಲ್ಲ. ತಂದೆಯನ್ನು ಕಳೆದುಕೊಂಡ ಮಗನಿಗೆ ಅಂದು ಸಿಗುವ ಸಮಾಧಾನವನ್ನು ವೇದಾಂತದ ಲೆಕ್ಕಕ್ಕೆ ಬರೆಯುವುದು ವಿದ್ವಾಂಸರ ಅಭ್ಯಾಸ. ಪದದ ಅರ್ಥ ಆ ಹೊತ್ತಿನಲ್ಲಿ ಎಷ್ಟು ಜನರ ತಲೆಗೆ ಹೋಗುತ್ತದೋ ಹೇಳುವುದು ಕಷ್ಟ. ತನ್ನ ಮನೆಯ ಸಾವಿಗಾಗಿ ಹತ್ತು ಜನ ನಿದ್ದೆಗೆಟ್ಟು ಕುಳಿತಿದ್ದಾರೆ ಎಂಬುದಂತೂ ಎಲ್ಲರಿಗೂ ಅರ್ಥವಾಗುತ್ತದೆ.

ಅದೇ ಮನೆಯ ಒಳಗೆ ಹೆಂಗಸರ ಇನ್ನೊಂದು ಹಾಡು ನಡೆದಿರುತ್ತದೆ. ಹಾಡಿಕೊಂಡು ಅಳುವುದು ಎಂದು ಜನ ಕರೆಯುವ ಈ ಬಗೆಯಲ್ಲಿ ಸತ್ತವರೊಡನೆ ನೇರ ಮಾತಿದೆ. ಯವ್ವಾ, ಯಪ್ಪಾ, ಅಣ್ಣಾ ಎಂದು ಸಂಬಂಧ ಹಿಡಿದು ಕರೆದು, ಅವರು ಮಾಡಿದ್ದನ್ನು ನೆನೆದು, ನಡುನೀರಲ್ಲಿ ಕೈಬಿಟ್ಟು ಹೋದರೆಂದು ಜಗಳವನ್ನೂ ಆಡುತ್ತಾರೆ. ಹೊಸದಾಗಿ ಬಂದ ಮಗಳು ಬಾಗಿಲಲ್ಲೇ ದನಿ ತೆಗೆದರೆ ಹೊರಗಿನ ತಾಳ ನಿಲ್ಲುತ್ತದೆ. ಅವಳ ಅಳು ಇಳಿದ ಮೇಲೆ ಮತ್ತೆ ಪದ ಏಳುತ್ತದೆ. ಭಜನೆಯ ಬಗ್ಗೆ ಬರೆದವರು ಈ ಅಳುವಿನ ಹಾಡನ್ನು ಕಡೆಗಣಿಸಿದ್ದು ಸರಿಯಲ್ಲ. ಸಾವಿನ ಮನೆಗೆ ಎರಡೂ ಬೇಕು.

ಹಾಡುವ ಪದಗಳಲ್ಲಿ ಶಿಶುನಾಳ ಶರೀಫರವು (1819–1889) ಮುಂದಿರುತ್ತವೆ. ಕಳಸದ ಗೋವಿಂದಭಟ್ಟರ ಶಿಷ್ಯರಾದ ಅವರು ಹೆಂಡತಿಯನ್ನು ಬೇಗ ಕಳೆದುಕೊಂಡವರು. ಅವರು ತೀರಿಕೊಂಡಾಗ ಹಿಂದೂ, ಮುಸ್ಲಿಂ ಎರಡೂ ವಿಧಿಗಳು ನಡೆದವು. ನಿಜಗುಣ ಶಿವಯೋಗಿಯ ಕೈವಲ್ಯಪದ್ಧತಿ, ಕಲಬುರಗಿ ಕಡೆಗೆ ಕಡಕೋಳ ಮಡಿವಾಳಪ್ಪನವರ ಪದಗಳೂ ಹಾಡುಗಾರರ ಬಾಯಲ್ಲಿವೆ. ಶೋಕದ ಹಾಡು ಸಾವಿನ ಮನೆಯ ಆಚೆಗೂ ಇದೆ: ಮೊಹರಮ್ಮಿನಲ್ಲಿ ಹಾಡುವ ಕನ್ನಡ ರಿವಾಯತ್ ಪದಗಳು ಕ್ರಿ.ಶ. 680ರ ಕರ್ಬಲಾ ಯುದ್ಧದ ಶೋಕವನ್ನು ಇದೇ ಸೀಮೆಯ ಮಾತಿನಲ್ಲಿ ಹೇಳುತ್ತವೆ. ಕೊಡಗಿನ ಚಾವು ಪಾಟ್ (ಸಾವಿನ ಹಾಡು) ಭಜನೆಯ ಪದಗಳಿಗಿಂತ ಬೇರೆ: ದುಡಿ ಬಡಿದು ಹಾಡುವ ಅದು ಸತ್ತವರನ್ನೇ ಕುರಿತದ್ದು. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಇಂಥ ಹಾಡುಗಳು ದಾಖಲಾಗಿವೆ.

ಶವಯಾತ್ರೆಯ ಮುಂದೆ ಬಡಿಯುವ ಹಲಗೆಯನ್ನು ಭಜನೆಯ ಜೊತೆ ಒಂದೇ ಸಾಲಿನಲ್ಲಿ ಇಡಲಾಗದು. ಭಜನೆಗೆ ಜನ ತಾವಾಗಿ ಬರುತ್ತಾರೆ. ಹಲಗೆಯನ್ನಾದರೋ ದಲಿತರ ಮೇಲೆ ಹುಟ್ಟಿನ ಬಿಟ್ಟಿ ಕೆಲಸವಾಗಿ ಹೇರಲಾಗಿತ್ತು. ಸಾವಿಗೆ ಹಲಗೆ ಬಾರಿಸುವುದಿಲ್ಲ ಎಂದು ದಲಿತ ಯುವಕರು ಅನೇಕ ಕಡೆ ನಿಂತದ್ದಕ್ಕೆ ಕಾರಣ ಅದು. ಅದೇ ಹಲಗೆ ಆಮೇಲೆ ಹೋರಾಟದ ವೇದಿಕೆ ಏರಿತು.

ಸಿ. ಅಶ್ವತ್ಥ್ ಅವರ ಕಂಠ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಇವುಗಳಿಂದ ಶರೀಫರ ಪದಗಳು ಹಳ್ಳಿ ದಾಟಿ ಪೇಟೆಯ ಮನೆಗಳಿಗೂ ತಲುಪಿದವು. ಈಗ ಎಷ್ಟೋ ಊರುಗಳಲ್ಲಿ ಹಳೆಯ ಹಾಡುಗಾರರು ಇಲ್ಲವಾಗಿದ್ದಾರೆ, ಹರೆಯದವರು ದುಡಿಯಲು ಪೇಟೆ ಸೇರಿದ್ದಾರೆ. ಅಂಥ ಕಡೆ ಸಾವಿನ ಮನೆಯ ಮೂಲೆಯ ಧ್ವನಿವರ್ಧಕ ರಾತ್ರಿಯಿಡೀ ಹಾಡುತ್ತದೆ. ಮಂಡಳಿಯೇ ಬೇಕೆನ್ನುವ ಮನೆಯವರು ಪಕ್ಕದ ಊರಿನಿಂದ ಕರೆಸುತ್ತಾರೆ.