ಜಾಗತಿಕ ಸ್ಪರ್ಧೆ ಮತ್ತು ಅಲಿಗಢದ ಪಾಠ

ಇಂದು ಶಿಕ್ಷಣದ ಬಗ್ಗೆ ನಡೆಯುವ ಯಾವ ಸಭೆಯಲ್ಲೂ ‘ಜಾಗತಿಕ ಸ್ಪರ್ಧೆ’ ಎಂಬ ಮಾತು ಕೇಳಿಬರುತ್ತದೆ. ಶಾಲೆಗೆ ಕಂಪ್ಯೂಟರ್ ಬೇಕು, ಸ್ಮಾರ್ಟ್ ಕ್ಲಾಸ್ ಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಅವುಗಳನ್ನು ಬಳಸಿ ಮಕ್ಕಳನ್ನು ಮುನ್ನಡೆಸುವವರು ಯಾರು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಈ ಪ್ರಶ್ನೆಯನ್ನು ನೂರೈವತ್ತು ವರ್ಷಗಳಿಗೂ ಹಿಂದೆ ಎದುರಿಸಿದವರು ಸರ್ ಸಯ್ಯದ್ ಅಹ್ಮದ್ ಖಾನ್.

1817ರಲ್ಲಿ ದೆಹಲಿಯಲ್ಲಿ ಜನಿಸಿದ ಸರ್ ಸಯ್ಯದ್‌ರು ಕಂಪನಿ ಸರ್ಕಾರದ ನ್ಯಾಯಾಂಗ ಇಲಾಖೆಯಲ್ಲಿ ಕೆಲಸ ಮಾಡಿದವರು. 1837ರಲ್ಲಿ ಪಾರ್ಸಿ ಭಾಷೆ ಆಡಳಿತದಲ್ಲಿ ತನ್ನ ಸ್ಥಾನ ಕಳೆದುಕೊಂಡಿತ್ತು. 1857ರ ಹೋರಾಟದ ನಂತರ ಉತ್ತರ ಭಾರತದ ಮುಸ್ಲಿಮರ ಸ್ಥಿತಿ ಇನ್ನಷ್ಟು ಹದಗೆಟ್ಟಿತು. ಹಳೆಯ ವಿದ್ಯೆಗೆ ಉದ್ಯೋಗವಿಲ್ಲ, ಹೊಸ ವಿದ್ಯೆಯ ಮೇಲೆ ನಂಬಿಕೆಯಿಲ್ಲ ಎಂಬ ಪರಿಸ್ಥಿತಿ ಅದು.

ಅವರು 1864ರಲ್ಲಿ ಗಾಜಿಪುರದಲ್ಲಿ ‘ಸೈಂಟಿಫಿಕ್ ಸೊಸೈಟಿ’ಯನ್ನು ಸ್ಥಾಪಿಸಿದರು. ಅದೇ ವರ್ಷ ಅದು ಅಲಿಗಢಕ್ಕೆ ಬಂದಿತು. ಆ ಕಾಲದ ತಂತ್ರಜ್ಞಾನವೆಂದರೆ ಮುದ್ರಣಯಂತ್ರ. ಇತಿಹಾಸ, ಅರ್ಥಶಾಸ್ತ್ರ, ಕೃಷಿ ಮುಂತಾದ ವಿಷಯಗಳ ಪುಸ್ತಕಗಳು ಉರ್ದುವಿಗೆ ಬಂದವು. 1866ರಿಂದ ಇಂಗ್ಲಿಷ್ ಮತ್ತು ಉರ್ದು ಎರಡೂ ಭಾಷೆಗಳಲ್ಲಿ ಗೆಜೆಟ್ ಪ್ರಕಟವಾಯಿತು. ಈ ಕೆಲಸದಲ್ಲಿ ಅವರ ಜೊತೆ ನಿಂತವರು ರಾಜಾ ಜೈಕಿಶನ್ ದಾಸ್. ಹೊಸ ಜ್ಞಾನವನ್ನು ಮಾತೃಭಾಷೆಯ ಮೂಲಕ ಜನರ ಮನೆಗೆ ಮುಟ್ಟಿಸುವುದು ಸೊಸೈಟಿಯ ಗುರಿಯಾಗಿತ್ತು.

ಆದರೆ ಪುಸ್ತಕ ಅಚ್ಚು ಹಾಕಿದ ಮಾತ್ರಕ್ಕೆ ಪೀಳಿಗೆ ತಯಾರಾಗುವುದಿಲ್ಲ. 1869ರಲ್ಲಿ ಇಂಗ್ಲೆಂಡಿಗೆ ಹೋದ ಸರ್ ಸಯ್ಯದ್‌ರು ಕೇಂಬ್ರಿಡ್ಜ್ ಶಿಕ್ಷಣ ಪದ್ಧತಿಯನ್ನು ಹತ್ತಿರದಿಂದ ನೋಡಿದರು. ವಿದ್ಯಾರ್ಥಿಗಳು ಒಟ್ಟಿಗೆ ವಾಸಿಸುವುದು, ಶಿಕ್ಷಕರ ಒಡನಾಟ, ಚರ್ಚೆ, ಆಟೋಟ ಇವೆಲ್ಲ ಶಿಕ್ಷಣದ ಭಾಗವೆಂದು ಮನಗಂಡರು. 1875ರಲ್ಲಿ ಅಲಿಗಢದಲ್ಲಿ ಶಾಲೆ ಆರಂಭವಾಯಿತು. 1877ರಲ್ಲಿ ಕಾಲೇಜಿಗೆ ಅಡಿಗಲ್ಲು ಬಿತ್ತು. ವಿರೋಧ ಕಡಿಮೆಯಿರಲಿಲ್ಲ, ಅವರ ವಿರುದ್ಧ ಫತ್ವಾಗಳೂ ಹೊರಟವು. ಅವರು ಎದೆಗುಂದದೆ ಊರೂರು ತಿರುಗಿ ಚಂದಾ ಎತ್ತಿದರು. 1886ರಲ್ಲಿ ಶೈಕ್ಷಣಿಕ ಸಮ್ಮೇಳನವನ್ನು ಹುಟ್ಟುಹಾಕಿ ಈ ಚಿಂತನೆಯನ್ನು ಬೇರೆ ಪ್ರಾಂತ್ಯಗಳಿಗೂ ಒಯ್ದರು. 1898ರಲ್ಲಿ ಅವರು ನಿಧನರಾದರು. ಅವರ ಕಾಲೇಜು 1920ರಲ್ಲಿ ವಿಶ್ವವಿದ್ಯಾಲಯವಾಯಿತು.

ಫಲ ಹೇಗಿತ್ತು ಎಂಬುದಕ್ಕೆ ಡಾ. ಜಿಯಾವುದ್ದೀನ್ ಅಹ್ಮದ್ ಅವರೇ ಸಾಕ್ಷಿ. ಅಲಿಗಢದಲ್ಲಿ ಓದಿದ ಈ ಗಣಿತಜ್ಞ ಕೇಂಬ್ರಿಡ್ಜ್ ಮತ್ತು ಜರ್ಮನಿಯ ಗಾಟಿಂಗೆನ್‌ನಲ್ಲಿ ಉನ್ನತ ಶಿಕ್ಷಣ ಪಡೆದು ಅಲಿಗಢಕ್ಕೇ ಮರಳಿದರು, ಮುಂದೆ ಉಪಕುಲಪತಿಗಳಾದರು. ಜಗತ್ತಿನೊಡನೆ ಸ್ಪರ್ಧಿಸುವುದೆಂದರೆ ಇದೇ ಅಲ್ಲವೇ?

ಒಂದು ಕೊರತೆಯನ್ನೂ ಹೇಳಬೇಕು. ಹೆಣ್ಣುಮಕ್ಕಳ ಆಧುನಿಕ ಶಾಲೆಗೆ ಸರ್ ಸಯ್ಯದ್‌ರು ಆದ್ಯತೆ ಕೊಡಲಿಲ್ಲ. ಆ ಕೆಲಸ 1906ರಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ ಅವರಿಂದ ಆಯಿತು. ಮೂರು ದಶಕಗಳ ಈ ತಡದಿಂದ ಎಷ್ಟೋ ಹೆಣ್ಣುಮಕ್ಕಳ ಅವಕಾಶ ಕೈತಪ್ಪಿತು.

ನಮ್ಮ ನಾಡಿನಲ್ಲೂ ಇಂತಹ ನೇತೃತ್ವ ಕಂಡಿದ್ದೇವೆ. ವೈದ್ಯರಾಗಿದ್ದ ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 2021ರಲ್ಲಿ ಅವರು ತೀರಿಕೊಂಡಾಗ ಜನ ಅವರನ್ನು ‘ಬಾಬಾ-ಎ-ತಾಲೀಮ್’ ಎಂದೇ ಸ್ಮರಿಸಿದರು.

ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಕಂಪ್ಯೂಟರ್ ಕೊಠಡಿಗೆ ದೇಣಿಗೆ ಕೊಡುವಾಗ ಅಲ್ಲಿ ಕಲಿಸುವ ಶಿಕ್ಷಕರ ತರಬೇತಿಗೂ ಒಂದು ಪಾಲು ತೆಗೆದಿಡಿ. ಒಳ್ಳೆಯ ಮುಖ್ಯೋಪಾಧ್ಯಾಯರನ್ನು ಹುಡುಕಿ, ಅವರಿಗೆ ಕೆಲಸ ಮಾಡಲು ಸ್ವಾತಂತ್ರ್ಯ ಕೊಡಿ. ಹೆಣ್ಣುಮಕ್ಕಳ ಸರದಿಯನ್ನು ಮುಂದೂಡಬೇಡಿ. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿರುವ ಮೊಬೈಲ್ ಸೈಂಟಿಫಿಕ್ ಸೊಸೈಟಿಯ ಅಚ್ಚುಯಂತ್ರಕ್ಕಿಂತ ಎಷ್ಟೋ ಪಾಲು ಶಕ್ತಿಶಾಲಿ. ಅದರಿಂದ ದಿನಕ್ಕೊಂದು ಹೊಸ ವಿಷಯ ಕಲಿತು, ಅದನ್ನು ನಿಮ್ಮ ಮನೆಯ ಭಾಷೆಯಲ್ಲಿ ಇನ್ನೊಬ್ಬರಿಗೆ ಹೇಳಿಕೊಡಿ.